ಮನೆಯೊಳಗಿನ ವಿಜ್ಞಾನ: ತಂತಿಯಿಲ್ಲದ ಗಂಟು

ಗೋವೆಯಲ್ಲಿ ನೆಲೆಸಿರುವ ನಮಗೆ ನಿಸ್ತಂತುವೆಂಬುದು ಹೊಸ ಸಂಗತಿಯೇನೂ ಅಲ್ಲ. ಪೋರ್ಚುಗೀಸರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, 1955ರ ನವೆಂಬರಿನಿಂದ 1961ರ ಡಿಸೆಂಬರಿನ ತನಕ, ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ ಎಂಬಿಬ್ಬರು ಗಡಿಯಾಚೆಯ ಕಾಡಿನಲ್ಲಿ ಕುಳಿತು ಒಂದು ಗುಪ್ತ ಬಾನುಲಿಯನ್ನು ನಡೆಸಿದರು. ಮೊದಲು ಅಂಬೋಲಿಯ ಕಾಡು, ಆಮೇಲೆ ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್. ಕೊಂಕಣಿಯಲ್ಲಿಯೂ ಪೋರ್ಚುಗೀಸಿನಲ್ಲಿಯೂ ಅವರು ಆಡುತ್ತಿದ್ದ ಮಾತು ಘಟ್ಟವನ್ನಿಳಿದು ಗೋವೆಯ ಮನೆಮನೆಗೆ ಬರುತ್ತಿತ್ತು. ಆಗ ಗಡಿ ಮುಚ್ಚಿತ್ತು, ರೈಲು ನಿಂತಿತ್ತು, ಮನುಷ್ಯರು ಹೋಗಿಬರುವುದೇ ಕಠಿನವಾಗಿತ್ತು. ತರಂಗಕ್ಕೆ ಮಾತ್ರ ನಾಕೆಯಿಲ್ಲ, ಸುಂಕವಿಲ್ಲ. ವಿಮೋಚನೆಯ ದಿನ ಅವರಿಬ್ಬರೂ ವಿಮಾನವನ್ನೇರಿ ಆಕಾಶದಿಂದಲೇ ಆ ಶುಭವಾರ್ತೆಯನ್ನು ಸಾರಿದರಂತೆ. ಲಿಬಿಯಾ ಲೋಬೊ ಸರ್ದೇಸಾಯಿಯವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು.

ಅಂಥ ನಾಡಿನಲ್ಲಿ ಕುಳಿತು, ನಡುಮನೆಯಿಂದ ಅಡುಗೆಮನೆಗೆ ತರಂಗ ಬರಲಿಲ್ಲವೆಂದು ನಾವು ತಲೆಯ ಮೇಲೆ ಕೈಹೊತ್ತು ಕೂರುವುದು ವಿಚಿತ್ರವೇ ಸರಿ. ಆದರೆ ಕೂರುತ್ತೇವೆ. ಈ ತಿಂಗಳು ಆ ವಿಷಯವನ್ನೇ ಎತ್ತಿಕೊಳ್ಳಲು ಕಾರಣವುಂಟು.

ಕಳೆದ ವರ್ಷ ನಮ್ಮ ಓಣಿಯ ಒಂದು ಮನೆಯಲ್ಲಿ ನಡೆದ ಸಂಗತಿ. ತಂದೆ ಬಾದಾಮಿಯ ಕಡೆಯವರು, ವಾಸ್ಕೋದಲ್ಲಿ ಗೌಂಡಿಯ ಕೆಲಸ. ಮಗಳು ಹನ್ನೆರಡನೆಯ ತರಗತಿ. ಕರ್ನಾಟಕದ ಸಿಇಟಿಗೆ ಹೊರನಾಡು ಕನ್ನಡಿಗಳೆಂದು ಅರ್ಜಿ ಹಾಕಬೇಕು. ಹಾಗೆ ಅರ್ಜಿ ಹಾಕುವವರು ಕನ್ನಡ ಭಾಷೆಯ ಪರೀಕ್ಷೆಯೊಂದನ್ನೂ ಬರೆಯಬೇಕಾಗುತ್ತದೆ. ಅದಕ್ಕೆಂದು ಹುಡುಗಿ ವರ್ಷವಿಡೀ ಕಷ್ಟಪಟ್ಟಿದ್ದಳು. ಅರ್ಜಿಯನ್ನು ಇಂಟರ್‌ನೆಟ್ಟಿನ ಮೂಲಕವೇ ತುಂಬಬೇಕು. ಕೊನೆಯ ದಿನದ ಸಂಜೆ ಆಕೆ ಅಳುಮೋರೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದಳು.

"ಅಜ್ಜಾರ, ಇವತ್ತ ಕಡೀ ದಿನಾ ಐತ್ರಿ. ಲ್ಯಾಪ್‌ಟಾಪಿನ್ಯಾಗ ವೈಫೈ ಅನ್ನೂದ ಕಾಣವಲ್ದು. ಅಂಗಡಿಯವ್ರಿಗೆ ಫೋನ್ ಮಾಡಿದ್ರ ಒಳಗಿನ ಕಾರ್ಡು ಸುಟ್ಟಿರಬೇಕು, ಎರಡು ಸಾವಿರ ಆಗ್ತೈತಿ, ನಾಳೆ ತಗೊಂಡು ಬಾ ಅಂದ್ರು."

ನಾಳೆ ತೆಗೆದುಕೊಂಡು ಹೋದರೆ ಅರ್ಜಿಯ ಗತಿಯೇನು? ಎರಡು ಸಾವಿರವೆಂದರೆ ಆ ತಂದೆಯ ಎರಡು ಮೂರು ದಿನಗಳ ದುಡಿಮೆ. "ನಡಿ ತಂಗಿ, ನೋಡೋಣ" ಎಂದು ಎದ್ದೆ. ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ವಾಚಕರು ಒಂದು ಮೂಲತತ್ತ್ವವನ್ನು ಮನದಟ್ಟು ಮಾಡಿಕೊಳ್ಳಬೇಕು.

ವೈಫೈ ಬೇರೆ, ಇಂಟರ್‌ನೆಟ್ ಬೇರೆ. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ಇವೆರಡನ್ನೂ ಒಂದೆಂದೇ ತಿಳಿಯುತ್ತಾರೆ. ಅರ್ಧ ತೊಂದರೆ ಹುಟ್ಟುವುದು ಅಲ್ಲಿಯೇ. ಊರಿನ ನೀರಿನ ಟ್ಯಾಂಕಿನಿಂದ ಮನೆಯ ತನಕ ಒಂದು ಕೊಳವೆ ಬರುತ್ತದೆ. ಮನೆಯ ನಲ್ಲಿಯಿಂದ ಕೊಡಕ್ಕೆ ನೀರು ಬೀಳುತ್ತದೆ. ಟ್ಯಾಂಕಿನಿಂದ ಮನೆಗೆ ಬಂದದ್ದು ಇಂಟರ್‌ನೆಟ್. ಅದು ಇಂದು ಬಹುಮಟ್ಟಿಗೆ ಕೂದಲೆಳೆಯಷ್ಟು ಸಪೂರವಾದ ಗಾಜಿನ ತಂತುವಿನಲ್ಲಿ ಬೆಳಕಿನ ರೂಪದಲ್ಲಿ ಬರುತ್ತದೆ. ನಲ್ಲಿಯಿಂದ ಕೊಡಕ್ಕೆ ಬಿದ್ದದ್ದು ವೈಫೈ. ಗೋಡೆಗೆ ನೇತುಹಾಕಿದ ರೂಟರ್ ಎಂಬ ಪೆಟ್ಟಿಗೆ ಆ ಬೆಳಕಿನ ಸಂದೇಶವನ್ನು ರೇಡಿಯೋ ತರಂಗವಾಗಿ ಮಾರ್ಪಡಿಸಿ ಕೋಣೆಯಲ್ಲಿ ಹರಡುತ್ತದೆ. ಲ್ಯಾಪ್‌ಟಾಪಿನೊಳಗಿನ ಪುಟ್ಟ ಕಾರ್ಡು ಅದನ್ನು ಹಿಡಿಯುತ್ತದೆ. ಆದುದರಿಂದ ನೀರು ಬರಲಿಲ್ಲವೆಂದಾಗ ಮೊದಲು ಕೇಳಬೇಕಾದ ಪ್ರಶ್ನೆ: ಟ್ಯಾಂಕು ಬತ್ತಿದೆಯೋ, ನಲ್ಲಿ ಕಟ್ಟಿದೆಯೋ, ಕೊಡದ ಬಾಯಿಯೇ ಮುಚ್ಚಿದೆಯೋ?

ಇದನ್ನು ತಿಳಿಯುವ ಉಪಾಯ ಅತಿ ಸುಲಭ. ಮನೆಯಲ್ಲಿರುವ ಮೊಬೈಲನ್ನು ಅದೇ ವೈಫೈಗೆ ಜೋಡಿಸಿ, ಅದರ ಸ್ವಂತ ಡೇಟಾವನ್ನು ಆರಿಸಿ, ಯಾವುದಾದರೂ ಪುಟವನ್ನು ತೆರೆದು ನೋಡಿರಿ. ಮೊಬೈಲಿನಲ್ಲಿ ತೆರೆದರೆ ದೋಷ ಲ್ಯಾಪ್‌ಟಾಪಿನಲ್ಲಿದೆ. ಮೊಬೈಲಿನಲ್ಲಿಯೂ ತೆರೆಯದಿದ್ದರೆ ಲ್ಯಾಪ್‌ಟಾಪನ್ನು ಬಯ್ದು ಪ್ರಯೋಜನವಿಲ್ಲ. ದೋಷ ರೂಟರಿನಲ್ಲಿ ಅಥವಾ ಅದರಾಚೆಗೆ ಇದೆ.

ಮೊಬೈಲಿನಲ್ಲಿಯೂ ಇಲ್ಲವೆಂದುಕೊಳ್ಳೋಣ. ಆಗ ರೂಟರಿನ ದೀಪಗಳನ್ನು ನೋಡಬೇಕು. ಗಾಜಿನ ತಂತುವಿನ ಸಂಪರ್ಕವಿರುವ ಪೆಟ್ಟಿಗೆಯಲ್ಲಿ 'ಎಲ್‌ಓಎಸ್' ಎಂದು ಬರೆದ ಪುಟ್ಟ ದೀಪವೊಂದಿರುತ್ತದೆ. ಅದು ಕೆಂಪಾಗಿ ಮಿನುಗುತ್ತಿದ್ದರೆ ಹೊರಗಿನಿಂದ ಬೆಳಕು ಬರುತ್ತಿಲ್ಲವೆಂದು ಅರ್ಥ. ತಂತು ಎಲ್ಲಿಯೋ ತುಂಡಾಗಿದೆ, ಇಲ್ಲವೆ ಮನೆಯೊಳಗೇ ಚೂಪಾಗಿ ಮಡಚಿಕೊಂಡಿದೆ. ಮಳೆಗಾಲದಲ್ಲಿ ತೆಂಗಿನ ಮರ ಬಿದ್ದಾಗ, ರಸ್ತೆ ಅಗೆದಾಗ ಇದು ಸಾಮಾನ್ಯ. ಕಂಪನಿಗೆ ದೂರು ಕೊಟ್ಟು ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದೊಂದೇ ದಾರಿ. ಕೆಂಪು ದೀಪವಿಲ್ಲದಿದ್ದರೆ ರೂಟರಿನ ವಿದ್ಯುತ್ತನ್ನು ತೆಗೆದು, ಅರ್ಧ ನಿಮಿಷ ಬಿಟ್ಟು, ಮತ್ತೆ ಕೊಡಿರಿ. ಅದೂ ಒಂದು ಪುಟ್ಟ ಗಣಕಯಂತ್ರವೇ. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ದುಡಿದರೆ ಅದಕ್ಕೂ ತಲೆ ತಿರುಗುತ್ತದೆ. ಮತ್ತೆ ಎಚ್ಚೆತ್ತು ಸರಿಯಾಗಲು ಎರಡು ಮೂರು ನಿಮಿಷ ಬೇಕು. ಅಷ್ಟರಲ್ಲಿ ಪುನಃ ಪುನಃ ಆರಿಸಿ ಹೊತ್ತಿಸಬಾರದು.

ಇನ್ನು ದೋಷ ಲ್ಯಾಪ್‌ಟಾಪಿನಲ್ಲಿಯೇ ಇದ್ದರೆ ಕ್ರಮವಾಗಿ ನಡೆಯಬೇಕು.

ಮೊದಲನೆಯದು, ಗುಂಡಿ. ಪರದೆಯ ಕೆಳಗಿನ ಬಲಮೂಲೆಯನ್ನು ನೋಡಿರಿ. ಬೀಸಣಿಗೆಯಂತೆ ಬಿಚ್ಚಿದ ಗೆರೆಗಳಿದ್ದರೆ ವೈಫೈ ಜೋಡಿಕೊಂಡಿದೆ. ಭೂಗೋಲದ ಗುರುತಿದ್ದರೆ ಸಂಪರ್ಕವಿಲ್ಲ. ವಿಮಾನದ ಗುರುತಿದ್ದರೆ ಯಂತ್ರ 'ಏರ್‌ಪ್ಲೇನ್ ಮೋಡ್'ಗೆ ಹೋಗಿದೆ. ವಿಮಾನಯಾನದಲ್ಲಿ ರೇಡಿಯೋಗಳೆಲ್ಲ ಮೌನವಾಗಿರಲೆಂದು ಮಾಡಿದ ಏರ್ಪಾಡು ಅದು. ಮನೆಯಲ್ಲಿ ಅದರಿಂದ ಆಗುವುದು ಗೊಂದಲ ಮಾತ್ರ. ಕೀಲಿಮಣೆಯ ಮೇಲಿನ ಸಾಲಿನಲ್ಲಿ ವಿಮಾನ ಅಥವಾ ಆಂಟೆನಾದ ಚಿತ್ರವಿರುವ ಗುಂಡಿಯನ್ನು ಒತ್ತಿದರೆ, ಕೆಲವದರಲ್ಲಿ 'ಎಫ್‌ಎನ್' ಗುಂಡಿಯ ಜೊತೆಗೆ ಒತ್ತಿದರೆ, ಅದು ಹೋಗುತ್ತದೆ. ಹಳೆಯ ಯಂತ್ರಗಳ ಬದಿಯಲ್ಲಿ ಉಗುರಿನಷ್ಟು ಚಿಕ್ಕ ಜಾರುಗುಂಡಿ ಇರುವುದುಂಟು. ಚೀಲದೊಳಗೆ ತುರುಕುವಾಗ ಅದು ತಾನಾಗಿ ಸರಿದಿರುತ್ತದೆ.

ಎರಡನೆಯದು, ಹೆಸರು ಮತ್ತು ಗುಪ್ತಪದ. 'ಸೆಟ್ಟಿಂಗ್ಸ್' ತೆರೆದು 'ನೆಟ್‌ವರ್ಕ್ ಆಂಡ್ ಇಂಟರ್‌ನೆಟ್' ಎಂಬಲ್ಲಿಗೆ ಹೋದರೆ ವೈಫೈಯನ್ನು ಹೊತ್ತಿಸುವ ಗುಂಡಿಯೂ, ಸುತ್ತಮುತ್ತಲ ವೈಫೈಗಳ ಹೆಸರುಗಳೂ ಕಾಣುತ್ತವೆ. ನಿಮ್ಮ ಮನೆಯ ಹೆಸರನ್ನು ಆರಿಸಿ ಗುಪ್ತಪದ ಕೊಡಬೇಕು. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳು ಇಲ್ಲಿ ಬೇರೆ ಬೇರೆ. ಸೊನ್ನೆಯೂ 'ಓ' ಅಕ್ಷರವೂ ಬೇರೆ ಬೇರೆ. ಗುಪ್ತಪದವನ್ನು ಇತ್ತೀಚೆಗೆ ಬದಲಿಸಿದ್ದರೆ ಲ್ಯಾಪ್‌ಟಾಪು ಹಳೆಯದನ್ನೇ ನೆನಪಿಟ್ಟುಕೊಂಡು ಹಟಮಾಡುತ್ತದೆ. 'ಫರ್ಗೆಟ್' ಎಂಬುದನ್ನು ಒತ್ತಿ ಮರೆಯಿಸಿ, ಹೊಸದಾಗಿ ಜೋಡಿಸಿರಿ.

ಮೂರನೆಯದು, ಪಟ್ಟಿ. ನೆರೆಯವರ ಹೆಸರು ಕಾಣುತ್ತದೆ, ನಮ್ಮದು ಮಾತ್ರ ಕಾಣುವುದಿಲ್ಲವೆಂದರೆ ಒಂದು ಸೂಕ್ಷ್ಮವಿದೆ. ಈಗಿನ ರೂಟರುಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬಗೆಯ ತರಂಗಗಳನ್ನು ಬಿಡುತ್ತವೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಅನೇಕಕ್ಕೆ 2.4 ಮಾತ್ರ ಕೇಳಿಸುತ್ತದೆ. ರೂಟರಿನಲ್ಲಿ ಅದನ್ನು ಆರಿಸಿದ್ದರೆ ಯಂತ್ರಕ್ಕೆ ಕಿವಿಯಿದ್ದೂ ಕಿವುಡು.

ನಾಲ್ಕನೆಯದು, ಕಾರ್ಡು. ವೈಫೈ ಎಂಬ ಹೆಸರೇ ಮಾಯವಾಗಿದ್ದರೆ 'ಡಿವೈಸ್ ಮ್ಯಾನೇಜರ್' ತೆರೆದು 'ನೆಟ್‌ವರ್ಕ್ ಅಡಾಪ್ಟರ್ಸ್' ಎಂಬಲ್ಲಿ ನೋಡಿರಿ. ಕೆಳಮುಖದ ಬಾಣವಿದ್ದರೆ ಕಾರ್ಡನ್ನು ಯಾರೋ ನಿಲ್ಲಿಸಿದ್ದಾರೆ. 'ಎನೇಬಲ್' ಒತ್ತಿದರೆ ಸಾಕು. ಹಳದಿ ಗುರುತಿದ್ದರೆ ಅದನ್ನು ನಡೆಸುವ ತಂತ್ರಾಂಶ ಕೆಟ್ಟಿರಬಹುದು. 'ಅನ್‌ಇನ್‌ಸ್ಟಾಲ್' ಮಾಡಿ ಯಂತ್ರವನ್ನು ಆರಿಸಿ ಹೊತ್ತಿಸಿದರೆ ಹೆಚ್ಚಿನ ಸಲ ಅದು ತಾನೇ ಮರಳಿ ಕೂರುತ್ತದೆ. ಇಷ್ಟೂ ಆಗಿ ಕಾರ್ಡಿನ ಸುಳಿವೇ ಇಲ್ಲವೆಂದಾದರೆ ಆಗ ಅಂಗಡಿಯ ಮಾತು. ಆಗಲೂ ಹೊಸ ಕಾರ್ಡೇ ಬೇಕೆಂದಿಲ್ಲ. ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಬೆರಳುದ್ದದ ವೈಫೈ ಕಡ್ಡಿಯಿಂದ ಕಡಿಮೆ ಖರ್ಚಿನಲ್ಲಿ ಕೆಲಸವಾಗುತ್ತದೆ.

ಐದನೆಯದನ್ನು ಬಹಳ ಜನ ಮರೆಯುತ್ತಾರೆ: ದಿನಾಂಕ. ಲ್ಯಾಪ್‌ಟಾಪಿನ ಗಡಿಯಾರಕ್ಕೆ ಆಧಾರವಾದ ಪುಟ್ಟ ಬ್ಯಾಟರಿ ಸತ್ತರೆ ಯಂತ್ರ ಹಲವು ವರ್ಷ ಹಿಂದಕ್ಕೆ ಹೋಗಿಬಿಡುತ್ತದೆ. ಬ್ಯಾಂಕು, ಸರ್ಕಾರ ಮುಂತಾದವರ ಪುಟಗಳು ತಾವೇ ಅಸಲಿಯೆಂದು ತೋರಿಸಲು ಒಂದು ಪ್ರಮಾಣಪತ್ರ ಕೊಡುತ್ತವೆ, ಅದಕ್ಕೆ ಅವಧಿಯುಂಟು. ದಿನಾಂಕ ತಪ್ಪಿದ ಯಂತ್ರ ಆ ಪತ್ರವನ್ನು ನಂಬುವುದಿಲ್ಲ, ಪುಟವನ್ನು ತೆರೆಯುವುದಿಲ್ಲ. ವೈಫೈ ಸರಿ, ಇಂಟರ್‌ನೆಟ್ ಸರಿ, ಆದರೂ ಬಾಗಿಲು ಮುಚ್ಚಿಯೇ ಇರುತ್ತದೆ.

ಇನ್ನು ತರಂಗವೇ ಕ್ಷೀಣವಾಗಿದ್ದರೆ? ಕ್ಯಾಸಲ್‌ರಾಕಿನ ದನಿ ಘಟ್ಟವಿಳಿದು ಬಂದರೆ ನಮ್ಮ ರೂಟರಿನ ದನಿ ಏಕೆ ಎರಡು ಗೋಡೆ ದಾಟದು? ಮನೆಯ ರೂಟರಿನ ಶಕ್ತಿ ಸಾಧಾರಣವಾಗಿ ಒಂದು ವ್ಯಾಟಿನ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ. ತರಂಗದ ಉದ್ದವೂ ಚಿಕ್ಕದು: 2.4ರದು ಸುಮಾರು 12 ಸೆಂಟಿಮೀಟರ್, 5ರದು ಅದರ ಅರ್ಧ. ತರಂಗ ಚಿಕ್ಕದಾದಷ್ಟೂ ಗೋಡೆಗೆ ಬೇಗ ಸೋಲುತ್ತದೆ. ಗೋವೆಯ ಹಳೆಯ ಮನೆಗಳದು ದಪ್ಪನೆಯ ಕೆಂಪುಕಲ್ಲಿನ ಗೋಡೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಸುರಿಯುವ ಮಳೆಯಲ್ಲಿ ಅದು ನೀರು ಕುಡಿದು ನಿಂತಿರುತ್ತದೆ. ನೀರು ಈ ತರಂಗದ ವೈರಿ. ಕಬ್ಬಿಣದ ಬೀರು, ತಗಡಿನ ಮಾಡು, ಕಾಂಕ್ರೀಟಿನೊಳಗಿನ ಸಲಾಕೆ, ಕನ್ನಡಿ ಇವೂ ಮಿತ್ರರಲ್ಲ. ಆದುದರಿಂದ ರೂಟರನ್ನು ಬೀರುವಿನ ಮೇಲೂ ಟಿವಿಯ ಹಿಂದೆಯೂ ಅಡಗಿಸಿಡದೆ, ಮನೆಯ ನಡುವೆ, ಆಳೆತ್ತರದಲ್ಲಿ ಇಡಬೇಕು. ದೂರದ ಕೋಣೆಗೆ 2.4, ಹತ್ತಿರದ ಕೋಣೆಗೆ ವೇಗದ 5 ಎಂದು ನೆನಪಿಟ್ಟರೆ ಸಾಕು. ಮೈಕ್ರೋವೇವ್ ಒಲೆ ಇರುವ ಮನೆಯವರು ಗಮನಿಸಬೇಕು: ಅದೂ 2.4ರ ಹತ್ತಿರದ ತರಂಗದಲ್ಲಿಯೇ ದುಡಿಯುವುದರಿಂದ, ಸಾರು ಬಿಸಿಯಾಗುವಷ್ಟು ಹೊತ್ತು ಸಂಪರ್ಕ ತೊದಲಬಹುದು.

ಎಲ್ಲವೂ ಕೈಕೊಟ್ಟ ದಿನ ಮೊಬೈಲಿನ 'ಹಾಟ್‌ಸ್ಪಾಟ್' ಉಂಟು. ಮೊಬೈಲಿನ ಡೇಟಾವನ್ನೇ ವೈಫೈಯಾಗಿ ಲ್ಯಾಪ್‌ಟಾಪಿಗೆ ಕೊಡುವ ಈ ಸೌಕರ್ಯವನ್ನು ಒಮ್ಮೆ ಬಿಡುವಿನಲ್ಲಿ ಕಲಿತಿಟ್ಟುಕೊಳ್ಳಿರಿ, ಆತುರದಲ್ಲಿ ಕಲಿಯಲಾಗದು. ಆದರೆ ಬಸ್ ನಿಲ್ದಾಣ, ಹೋಟೆಲುಗಳ ಗುರುತಿಲ್ಲದ ಬಿಟ್ಟಿ ವೈಫೈಯಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದು.

ಆ ಹುಡುಗಿಯ ಮನೆಗೆ ಹಿಂದಿರುಗೋಣ. ಸಂಘದ ಹಿರಿಯರೊಬ್ಬರು ಕೊಟ್ಟ ಹಳೆಯ ಲ್ಯಾಪ್‌ಟಾಪು ಅದು. ಮೂಲೆಯಲ್ಲಿ ವಿಮಾನ ಹಾರುತ್ತಿತ್ತು. ಮಧ್ಯಾಹ್ನ ತಮ್ಮ ಆಟವಾಡುತ್ತ ಗುಂಡಿ ಒತ್ತಿದ್ದ. ಅದನ್ನು ತೆಗೆದೆವು, ವೈಫೈ ಬಂತು. ಆದರೆ ಅರ್ಜಿಯ ಪುಟ ತೆರೆಯಲೊಲ್ಲದು! ಹುಡುಗಿಯ ಕಣ್ಣಲ್ಲಿ ಮತ್ತೆ ನೀರು. ಗಡಿಯಾರ ನೋಡಿದರೆ ಯಂತ್ರ ಇನ್ನೂ 2014ರಲ್ಲಿಯೇ ಇತ್ತು. ದಿನಾಂಕ ತಿದ್ದಿದೆವು. ರಾತ್ರಿ ಹತ್ತಕ್ಕೆ ಅರ್ಜಿ ಹೋಯಿತು. ಬಾಗಿಲಲ್ಲಿಯೇ ನಿಂತಿದ್ದ ತಂದೆ, "ಕಾರ್ಡು ಸುಟ್ಟಿದ್ದಿಲ್ಲೇನ್ರೀ?" ಎಂದು ಕೇಳಿದರು. ಸುಟ್ಟಿದ್ದು ಏನೂ ಇರಲಿಲ್ಲ; ಎರಡು ಗಂಟುಗಳಿದ್ದವು, ಬಿಚ್ಚಿದವು.

2020ರ ಸೋಂಕಿನ ಕಾಲದಲ್ಲಿ ಸಾಂಗೆ, ಸತ್ತರಿಗಳ ಮಕ್ಕಳು ಪಾಠ ಕೇಳಲು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದುದನ್ನು ನಾವು ಮರೆತಿಲ್ಲ. ಅದಕ್ಕೂ ಮೊದಲೇ, 2019ರಲ್ಲಿ, ಇಂಟರ್‌ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ಕೇರಳದ ಉಚ್ಚ ನ್ಯಾಯಾಲಯ ಹೇಳಿತು. ಊರಿನ ಹೊಲದ ಪಹಣಿಯನ್ನು ನೋಡಲು, ಮಕ್ಕಳ ಅರ್ಜಿ ತುಂಬಲು, ಊರಲ್ಲಿರುವ ತಾಯಿಯ ಮುಖ ಕಾಣಲು ಹೊರನಾಡಿನವರಾದ ನಮಗೆ ಇದೇ ದಾರಿ. ಸಂಘದ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪು, ಒಂದು ರೂಟರು ಮತ್ತು ವಾರಕ್ಕೊಂದು ಸಂಜೆ ಕುಳಿತು ಹೇಳಿಕೊಡುವ ಒಬ್ಬ ಕಾಲೇಜು ಹುಡುಗ ಇದ್ದರೆ ಎಷ್ಟು ಮನೆಗಳ ಕಣ್ಣೀರು ಉಳಿದೀತು! ನಮ್ಮ ಸಂಘಗಳವರು ಆಲೋಚಿಸಬೇಕು. ಅಲ್ಲಿಯ ತನಕ, ಕೊನೆಯ ದಿನದ ತನಕ ಕಾಯದೆ ಅರ್ಜಿ ತುಂಬಿರಿ. ಯಂತ್ರ ಮುನಿಸಿಕೊಂಡರೆ ಹಣ ಬಿಚ್ಚುವ ಮೊದಲು ಮೂಲೆಯ ಗುರುತನ್ನು ನೋಡಿರಿ.

ಆ ಹುಡುಗಿ ಕನ್ನಡದ ಪರೀಕ್ಷೆಯಲ್ಲಿ ತೇರ್ಗಡೆಯಾದಳೆಂಬುದನ್ನು ತಿಳಿಸಲು ಸಂತೋಷವಾಗುತ್ತದೆ.