ಪರದೆಯ ಹೆಸರು ಮತ್ತು ಖಾತೆಯ ಹೆಸರು

ಬೀದರ್, ಭಾಲ್ಕಿ, ಔರಾದಗಳ ವ್ಯಾಪಾರವು ಬಹುಮಟ್ಟಿಗೆ ದೂರವಾಣಿಯ ಮಾತಿನ ಮೇಲೆಯೇ ನಡೆಯುತ್ತದೆ. ತೊಗರಿ, ಹೆಸರು, ಉದ್ದು, ಸೋಯಾಬೀನ್‌ಗಳ ಧಾರಣೆಯನ್ನು ಉದಗೀರ, ದೇಗಲೂರು, ಜಹೀರಾಬಾದ್, ಹೈದರಾಬಾದ್‌ಗಳಿಂದ ವಿಚಾರಿಸುವವರು ಮೊದಲು ಮಾತನಾಡುವುದು ಅಡತಿ ಅಂಗಡಿಯ ಗುಮಾಸ್ತನೊಡನೆ. ಕರೆ ಬಂದೊಡನೆ ಪರದೆಯ ಮೇಲೆ ಗಿರಾಕಿಯ ಹೆಸರು ಮೂಡಿದರೆ, ಬಾಕಿಯ ಲೆಕ್ಕವನ್ನು ಎದುರಿಗಿಟ್ಟುಕೊಂಡು ಮಾತು ಆರಂಭಿಸಬಹುದು. ತಪ್ಪು ಹೆಸರು ಮೂಡಿದರೆ ಒಬ್ಬರ ಲೆಕ್ಕ ಇನ್ನೊಬ್ಬರ ಕಿವಿಗೆ ಬೀಳುತ್ತದೆ.

ಅಂತರಜಾಲ ದೂರವಾಣಿಯನ್ನು ಅಳವಡಿಸಿಕೊಂಡ ಕಚೇರಿಗಳಲ್ಲಿ 'ಹೆಸರು ಬರುತ್ತಿಲ್ಲ' ಎಂಬ ದೂರು ಸಾಮಾನ್ಯ. ದೂರು ಹುಟ್ಟಿದೊಡನೆ ಯಂತ್ರವನ್ನೋ ಅಳವಡಿಸಿದವರನ್ನೋ ಹಳಿಯುವುದು ರೂಢಿಯಾಗಿದೆ. ಆದರೆ ದೋಷವು ಅನೇಕ ವೇಳೆ ಅಂಗಡಿಯ ವಿಳಾಸ ಪಟ್ಟಿಯಲ್ಲಿಯೇ ಇರುತ್ತದೆ ಎಂಬುದನ್ನು ಉದ್ಯಮಿಗಳು ಗಮನಿಸಬೇಕು.

ಕಚೇರಿಯ ಪಿಬಿಎಕ್ಸ್‌ಗೆ ಹೊರಗಿನಿಂದ ಖಚಿತವಾಗಿ ದೊರೆಯುವುದು ಕರೆ ಮಾಡಿದವರ ಸಂಖ್ಯೆ ಮಾತ್ರ. ಆಸ್ಟರಿಸ್ಕ್‌ನಂತಹ ತಂತ್ರಾಂಶವು ಆ ಸಂಖ್ಯೆಯನ್ನು ಪಟ್ಟಿಯಲ್ಲಿ ಹುಡುಕಿ, ಸಿಕ್ಕ ಹೆಸರನ್ನು ಮೇಜಿನ ಮೇಲಿನ ಫೋನಿಗೆ ಕಳುಹಿಸುತ್ತದೆ. ಹುಡುಕುವ ಸಂಖ್ಯೆಗೂ ಬರೆದಿಟ್ಟ ಸಂಖ್ಯೆಗೂ ಒಂದು ಅಂಕಿಯ ವ್ಯತ್ಯಾಸವಿದ್ದರೂ ಹೆಸರು ಸಿಗದು.

ವ್ಯತ್ಯಾಸಕ್ಕೆ ಕಾರಣಗಳು ಹಲವು. ಒಂದೇ ಮೊಬೈಲ್ ಸಂಖ್ಯೆಯನ್ನು ಒಬ್ಬರು 10 ಅಂಕಿಗಳಲ್ಲಿ, ಇನ್ನೊಬ್ಬರು ಮೊದಲಿಗೆ 0 ಸೇರಿಸಿ, ಮತ್ತೊಬ್ಬರು +91 ಸೇರಿಸಿ ಬರೆದಿರುತ್ತಾರೆ. ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡಲು 0 ಒತ್ತಬೇಕೆಂಬ ನಿಯಮವು 2021ರ ಜನವರಿ 15ರಂದು ಜಾರಿಗೆ ಬಂದ ಮೇಲೆ ಈ ಗೊಂದಲ ಹೆಚ್ಚಿತು. ಬೀದರಿನ ಸ್ಥಿರ ದೂರವಾಣಿಯನ್ನು ಊರಿನವರು 6 ಅಂಕಿಗಳಲ್ಲಿಯೇ ಬರೆಯುತ್ತಾರೆ. ಹೊರಗಿನಿಂದ ಬರುವ ಕರೆಯಲ್ಲಿ 8482 ಎಂಬ ಸಂಕೇತವೂ ಕೂಡಿರುತ್ತದೆ. ಪಟ್ಟಿಯಲ್ಲಿಯೂ ಒಳಬರುವ ಕರೆಯಲ್ಲಿಯೂ ಕೊನೆಯ 10 ಅಂಕಿಗಳನ್ನು ಮಾತ್ರ ಹೋಲಿಸುವಂತೆ ಮಾಡಿದರೆ ದೇಶದೊಳಗಿನ ಕರೆಗಳ ಮಟ್ಟಿಗೆ ಈ ತೊಡಕು ಬಹುಪಾಲು ನಿವಾರಣೆಯಾಗುತ್ತದೆ. ವಿದೇಶದ ಸಂಖ್ಯೆಗಳನ್ನು ಮಾತ್ರ ದೇಶದ ಸಂಕೇತದೊಡನೆ ಪೂರ್ಣವಾಗಿಯೇ ಇಡಬೇಕು.

ತಪಾಸಣೆಗೆ ಒಂದು ಕ್ರಮವಿರಲಿ. ಮೊದಲು ಕರೆಯ ದಾಖಲೆಯಲ್ಲಿ ಸಂಖ್ಯೆ ಯಾವ ರೂಪದಲ್ಲಿ ಬಂದಿದೆಯೆಂದು ನೋಡಬೇಕು. ಅದೇ ಸಂಖ್ಯೆಯನ್ನು ಪಟ್ಟಿಯಲ್ಲಿ ಕೈಯಾರೆ ಹುಡುಕಬೇಕು. ಸಿಕ್ಕರೂ ಪರದೆಗೆ ಬಾರದಿದ್ದಲ್ಲಿ, ಫೋನಿನೊಳಗಿನ ಸ್ವಂತ ವಿಳಾಸ ಪುಸ್ತಕವು ಬೇರೆ ಹೆಸರನ್ನು ತೋರಿಸುತ್ತಿದೆಯೇ ಎಂದು ಪರೀಕ್ಷಿಸಬೇಕು. ಕನ್ನಡದ ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಮೂಡಿದರೆ ದತ್ತಸಂಚಯವಾಗಲಿ ಫೋನಾಗಲಿ ಯೂನಿಕೋಡ್ ಅಕ್ಷರಗಳನ್ನು ಗ್ರಹಿಸುತ್ತಿಲ್ಲವೆಂದು ಅರ್ಥ. ಕರೆ ತಡವಾಗಿ ರಿಂಗಾಗುತ್ತಿದ್ದರೆ, ಹುಡುಕಾಟವು ಅಂತರಜಾಲದ ದೂರದ ತಾಣವೊಂದರ ಉತ್ತರಕ್ಕಾಗಿ ಕಾಯುತ್ತಿರಬಹುದು. ಕಾಯುವ ಅವಧಿಯನ್ನು ಒಂದೆರಡು ಸೆಕೆಂಡುಗಳಿಗೆ ಮಿತಿಗೊಳಿಸುವುದು ಲೇಸು. ಹೆಸರು ಬಾರದಿದ್ದರೂ ಚಿಂತೆಯಿಲ್ಲ, ಕರೆ ತಪ್ಪಬಾರದು.

ಸ್ವಂತ ಪಟ್ಟಿಯನ್ನು ಸರಿಪಡಿಸುವ ಶ್ರಮವೇಕೆ, ಹೊರಗಿನ ಹುಡುಕಾಟ ಸೇವೆಗೆ ಗಿರಾಕಿಗಳ ಪಟ್ಟಿಯನ್ನೇ ಒಪ್ಪಿಸಬಾರದೇಕೆ ಎಂದು ಕೆಲವರು ಕೇಳುವುದುಂಟು. ಗಿರಾಕಿಗಳ ಪಟ್ಟಿಯು ವ್ಯಾಪಾರಿಯ ಬಂಡವಾಳ. ಅದನ್ನು ಪರರ ಗಣಕಕ್ಕೆ ಸುರಿಯುವುದು ಪ್ರತಿಸ್ಪರ್ಧಿಗೆ ಬಾಗಿಲು ತೆರೆದಂತೆ. ಅಲ್ಲದೆ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇಂತಹ ಮಾಹಿತಿಯ ಹೊಣೆಯನ್ನು ಅದನ್ನು ಸಂಗ್ರಹಿಸಿದವರ ಮೇಲೆ ಹೊರಿಸಿದೆ. ಜನರ ಫೋನ್‌ಗಳಿಂದ ಒಟ್ಟುಗೂಡಿಸಿದ ಹೆಸರುಗಳು ಯಾರೋ ತಮಗೆ ತೋಚಿದಂತೆ ಬರೆದಿಟ್ಟವು; ಅವುಗಳ ಮೇಲೆ ಉದ್ದರಿಯ ವ್ಯವಹಾರವನ್ನು ನಿಲ್ಲಿಸಲಾಗದು.

ಹೊಸ ವ್ಯವಸ್ಥೆಯೊಂದು ಇದೇ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ಮುಂದಿಡುತ್ತದೆ. ಚಂದಾದಾರನು ಸಂಪರ್ಕ ಪಡೆಯುವಾಗ ಅರ್ಜಿಯಲ್ಲಿ ನೀಡಿದ ಹೆಸರನ್ನೇ ಕರೆ ಸ್ವೀಕರಿಸುವವರಿಗೆ ತೋರಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2024ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿತು. ಈ ಸೌಲಭ್ಯವು ತಾನಾಗಿಯೇ ಎಲ್ಲರಿಗೂ ದೊರೆಯಲಿ, ಬೇಡವೆನ್ನುವವರು ಕೈಬಿಡಲಿ ಎಂಬ ಅಭಿಪ್ರಾಯಕ್ಕೆ 2025ರ ಅಕ್ಟೋಬರ್‌ನಲ್ಲಿ ಸಮ್ಮತಿಸಿತು. ನಮ್ಮ ಭಾಗದಲ್ಲಿ ಅಂಗಡಿಯ ಸಂಖ್ಯೆಯು ತಂದೆಯ ಹೆಸರಿನಲ್ಲೋ, ಸೋದರನ ಹೆಸರಿನಲ್ಲೋ, ಎಂದೋ ಕೆಲಸ ಬಿಟ್ಟ ಗುಮಾಸ್ತನ ಹೆಸರಿನಲ್ಲೋ ಇರುವುದು ಅಪರೂಪವಲ್ಲ. ಹೈದರಾಬಾದಿನ ಖರೀದಿದಾರನ ಪರದೆಯ ಮೇಲೆ ಆ ಅಪರಿಚಿತ ಹೆಸರೇ ಮೂಡಿದರೆ ಆತನು ಕರೆ ಎತ್ತುವನೇ? ವ್ಯಾಪಾರ ಸಂಪರ್ಕಗಳಿಗೆ ಜಿಎಸ್‌ಟಿಯಲ್ಲಿ ನೋಂದಾಯಿಸಿದ ವ್ಯಾಪಾರನಾಮವನ್ನೋ ನೋಂದಾಯಿತ ಟ್ರೇಡ್‌ಮಾರ್ಕನ್ನೋ ತೋರಿಸಲು ಅವಕಾಶವಿರಬೇಕೆಂದು ಅದೇ ಶಿಫಾರಸು ಹೇಳಿದೆ. ಆದುದರಿಂದ ಸಂಪರ್ಕವನ್ನು ಸಂಸ್ಥೆಯ ಹೆಸರಿಗೆ ವರ್ಗಾಯಿಸಿಕೊಳ್ಳುವ ಕೆಲಸವನ್ನು ಮುಂದೂಡುವುದು ಉಚಿತವಲ್ಲ.

ಇಷ್ಟಾದರೂ ಪರದೆಯ ಹೆಸರು ಒಂದು ಸೂಚನೆಯೇ ಹೊರತು ಸಾಕ್ಷ್ಯವಲ್ಲ. ಅಂತರಜಾಲದ ಮೂಲಕ ಬರುವ ಕರೆಯಲ್ಲಿ ಸಂಖ್ಯೆಯನ್ನೇ ಬದಲಿಸಿ ತೋರಿಸುವ ಮೋಸವೂ ಉಂಟು. 'ಬ್ಯಾಂಕ್ ಖಾತೆ ಬದಲಾಗಿದೆ, ಹಣವನ್ನು ಈ ಖಾತೆಗೆ ಕಳುಹಿಸಿ' ಎಂಬ ಕರೆ ಹಳೆಯ ಗಿರಾಕಿಯ ಹೆಸರಿನಲ್ಲಿಯೇ ಬಂದರೂ, ಕರೆಯನ್ನು ಮುಗಿಸಿ, ಖಾತೆ ಪುಸ್ತಕದಲ್ಲಿರುವ ಸಂಖ್ಯೆಗೆ ತಾವೇ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು.

ವರ್ಷಕ್ಕೊಮ್ಮೆ ದಾಸ್ತಾನು ಎಣಿಸುವ ಅಂಗಡಿಯು ಅದೇ ದಿನ ದೂರವಾಣಿ ಪಟ್ಟಿಯನ್ನೂ ಎಣಿಸಲಿ: ಸತ್ತ ಸಂಖ್ಯೆಗಳನ್ನು ಅಳಿಸಲಿ, ಎರಡೆರಡು ಸಲ ಬರೆದ ಹೆಸರುಗಳನ್ನು ಒಂದಾಗಿಸಲಿ, ಪಟ್ಟಿಯ ಹೊಣೆಯನ್ನು ಒಬ್ಬರಿಗೇ ವಹಿಸಲಿ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಶಿಸ್ತು ಸಾಕು.