ಹಾಡು ಹಳೆಯದಾಯಿತೇ, ಕಿವಿ ಹಳೆಯದಾಯಿತೇ?

ಕಳೆದ ತಿಂಗಳು ನಮ್ಮ ಮನೆಯಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಸಂಜೆಯ ಹೊತ್ತು ಟೀವಿಯಲ್ಲಿ ಹಳೆಯ ಕನ್ನಡ ಚಿತ್ರಗೀತೆಗಳು ಬರುತ್ತಿದ್ದವು. ನಾನು ಕಣ್ಣು ಮುಚ್ಚಿ ತಲೆದೂಗುತ್ತಾ ಕುಳಿತಿದ್ದೆ. ಒಳಕೋಣೆಯಲ್ಲಿ ಓದುತ್ತಿದ್ದ ಮೊಮ್ಮಗಳು ಹೊರಬಂದು, "ತಾತಾ, ಸೌಂಡು ಸ್ವಲ್ಪ ಕಮ್ಮಿ ಮಾಡು, ಓಣಿಗೆಲ್ಲ ಕೇಳಿಸ್ತದೆ" ಎಂದಳು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ "ಸದ್ದು, ಸದ್ದು" ಎಂದು ಮೇಜು ಕುಟ್ಟಿದವನಿಗೆ ಹನ್ನೆರಡರ ಹುಡುಗಿಯಿಂದ ಅದೇ ಮಾತು! ನಿಮ್ಮಲ್ಲಿ ಕೆಲವರಿಗೆ ಇದನ್ನು ಓದಿ ಸಂತೋಷವಾಗಿರಬೇಕು.

ಮನೆಯವರ ಒತ್ತಾಯಕ್ಕೆ ಮಣಿದು ಬಳ್ಳಾರಿಯಲ್ಲಿಯೇ ಕಿವಿಯ ವೈದ್ಯರ ಬಳಿಗೆ ಹೋದೆ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ತಾರಸ್ಥಾಯಿಯ ಧ್ವನಿಗಳನ್ನಂತೆ. ಸ, ಷ, ಫ ಮೊದಲಾದ ವ್ಯಂಜನಗಳು ಮಸುಕಾಗುತ್ತವೆ, ಸ್ವರಗಳು ಉಳಿಯುತ್ತವೆ. ಆದ್ದರಿಂದ ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಬಸ್ಸಿನಲ್ಲಿ ಮನೆಗೆ ಮರಳುವಾಗ ನನಗೆ ನನ್ನದೇ ಒಂದು ಮಾತು ನೆನಪಾಯಿತು. "ಈಗಿನ ಗಾಯಕರು ಅಕ್ಷರಗಳನ್ನೇ ನುಂಗಿಬಿಡುತ್ತಾರೆ, ಹಳೆಯವರದಾದರೋ ಒಂದೊಂದು ಅಕ್ಷರವೂ ಮುತ್ತು ಪೋಣಿಸಿದಂತೆ" ಎಂದು ನಾನು ಹತ್ತಾರು ವೇದಿಕೆಗಳ ಮೇಲೆ ಹೇಳಿದ್ದೇನೆ. ಅಕ್ಷರ ನುಂಗುತ್ತಿದ್ದುದು ಬಹುಪಾಲು ನನ್ನ ಕಿವಿಯೇ. ಹಳೆಯ ಹಾಡುಗಳು ಸ್ಪಷ್ಟವಾಗಿ ಕೇಳುತ್ತಿದ್ದುದು ಅವು ನನಗೆ ಕಂಠಸ್ಥವಾಗಿದ್ದುದರಿಂದ. ಕಿವಿ ಬಿಟ್ಟ ಅಕ್ಷರವನ್ನು ನೆನಪು ತುಂಬಿಕೊಡುತ್ತಿತ್ತು.

ಆ ನೆನಪಾದರೂ ಎಂತಹದು! ನಾನು ಸಿರುಗುಪ್ಪದಲ್ಲಿ ಹೈಸ್ಕೂಲು ಓದುತ್ತಿದ್ದ ಎಪ್ಪತ್ತರ ದಶಕದ ಆರಂಭದಲ್ಲಿ ನಮ್ಮ ಓಣಿಗೆಲ್ಲ ಒಂದೇ ರೇಡಿಯೋ. ಅದಕ್ಕೆ ಅಂಚೆ ಕಛೇರಿಯಲ್ಲಿ ವರ್ಷವರ್ಷವೂ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿತ್ತು. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ. ಉಳಿದ ದಿನ ಧಾರವಾಡದ ಆಕಾಶವಾಣಿ. ಮದುವೆ ಮನೆಯ ಧ್ವನಿವರ್ಧಕದಲ್ಲಿ ಘಂಟಸಾಲರ ತೆಲುಗು ಹಾಡು ಮುಗಿದೊಡನೆ ಪಿ.ಬಿ. ಶ್ರೀನಿವಾಸರ ಕನ್ನಡ ಹಾಡು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯವನ್ನು ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗಡಿಯ ಗೆರೆ ನೆಲದ ಮೇಲೆ ಬಿದ್ದಿತೇ ಹೊರತು ನಮ್ಮ ಕಿವಿಗಳ ಮೇಲೆ ಬೀಳಲಿಲ್ಲ. ಕಾಕಿನಾಡದಲ್ಲಿ ಹುಟ್ಟಿದ ಶ್ರೀನಿವಾಸರೇ ಅಲ್ಲವೇ ವರ್ಷಗಳ ಕಾಲ ಡಾ. ರಾಜಕುಮಾರರ ಕಂಠವಾಗಿದ್ದವರು? 1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ರಾಜಕುಮಾರರೇ ಎಮ್ಮೆಯ ಮೇಲೆ ಕುಳಿತು ಹಾಡಿದಾಗ ನಮ್ಮ ತರಗತಿಯಲ್ಲಿ ಎರಡು ಪಂಗಡಗಳಾಗಿದ್ದವು.

ಆದರೆ ನಮ್ಮ ಹಿರಿಯರು ಇದನ್ನೆಲ್ಲ ಮೆಚ್ಚಿದ್ದರೆಂದು ಭಾವಿಸಬೇಡಿ. ಬಳ್ಳಾರಿ ರಾಘವರನ್ನು ರಂಗದ ಮೇಲೆ ಕಂಡಿದ್ದ ವೃದ್ಧರೊಬ್ಬರು ನಮ್ಮ ಓಣಿಯಲ್ಲಿದ್ದರು. ರಾಘವರು 1946ರಲ್ಲಿ ತೀರಿಕೊಂಡ ಮೇಲೆ ಕಲೆಯೂ ತೀರಿತೆಂಬುದು ಅವರ ದೃಢ ನಂಬಿಕೆ. ಸಿನಿಮಾ ಹಾಡು ಕೇಳಿಬಂದರೆ ಎದ್ದು ಒಳಗೆ ಹೋಗುತ್ತಿದ್ದರು. ಅವರೊಬ್ಬರೇ ಏಕೆ, ಭಾರತ ಸರ್ಕಾರವೇ ಹಾಗೆ ಎದ್ದು ಹೋಗಿತ್ತು! 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರು ಚಿತ್ರಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತವೆಂದು ಆಕಾಶವಾಣಿಯಲ್ಲಿ ಅವುಗಳನ್ನು ಹತ್ತಿಕ್ಕಿದರು. ಕೇಳುಗರು ಸಿಲೋನಿನ ಕಡೆಗೆ ಮುಳ್ಳು ತಿರುಗಿಸಿದರು. ಕಡೆಗೆ ಸರ್ಕಾರವೇ 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ನಾವು ಇಂದು 'ಸುವರ್ಣಯುಗ'ವೆಂದು ಕರೆಯುವುದು ಆ ನಿಷಿದ್ಧ ಹಾಡುಗಳ ಕಾಲವನ್ನೇ.

ಇಷ್ಟೆಲ್ಲ ತಿಳಿದಿದ್ದೂ ನಾನೇನು ಮಾಡಿದೆ? ಇಲ್ಲಿ ಒಂದು ತಪ್ಪೊಪ್ಪಿಗೆಯಿದೆ.

1987ರಲ್ಲಿ 'ಪ್ರೇಮಲೋಕ' ಬಂದಿತು. ಹಂಸಲೇಖರ ಹಾಡುಗಳು ಹೋಟೆಲು, ಬಸ್ಸು, ಜಾತ್ರೆಗಳನ್ನೆಲ್ಲ ಆವರಿಸಿದವು. ನಾನಾಗ ಕುರುಗೋಡಿನ ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಆ ಹಾಡುಗಳ ಆಡುಮಾತು ನನಗೆ ಸಾಹಿತ್ಯದ ಅಪಚಾರವೆನಿಸಿತ್ತು. ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅದನ್ನು ಗುನುಗುತ್ತಿದ್ದುದು ನನ್ನ ಕಿವಿಗೆ ಬಿದ್ದಿತು. ಬೆಂಚಿನ ಮೇಲೆ ನಿಲ್ಲಿಸಿದೆ. ಅಷ್ಟಕ್ಕೇ ಬಿಡದೆ, ಶಾಲಾ ವಾರ್ಷಿಕೋತ್ಸವದ ಪ್ರಾರ್ಥನೆ ಹಾಡುವವರ ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕಿದೆ. ಅವನ ಕಂಠ ಇಡೀ ಶಾಲೆಯಲ್ಲಿಯೇ ಚೆನ್ನಾಗಿತ್ತು.

ಕೆಲವು ವರ್ಷಗಳ ಹಿಂದೆ ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಲ್ಲಿ ಅವನೇ ಗುರುತು ಹಿಡಿದು ಕಾಲಿಗೆರಗಿದ. ಗದ್ದೆ ಮಾಡಿಕೊಂಡಿದ್ದಾನೆ, ತಲೆ ನರೆತಿದೆ. ಮಿಠಾಯಿ ಅಂಗಡಿಯ ಧ್ವನಿವರ್ಧಕದಿಂದ ಅದೇ ಚಿತ್ರದ ಹಾಡು ಬರುತ್ತಿತ್ತು. "ಇದನ್ನೀಗ ಹಳೇ ಹಾಡು ಅಂತಾರೆ ಸಾರ್" ಎಂದು ನಕ್ಕ. "ನೀನೀಗಲೂ ಹಾಡ್ತೀಯೇನಪ್ಪಾ?" ಎಂದು ಕೇಳಿದೆ. "ಅವತ್ತಿಂದ ನಾಲ್ಕು ಜನರ ಮುಂದೆ ಹಾಡಿಲ್ಲ ಸಾರ್" ಎಂದ. ಅವನ ದನಿಯಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೇರೆ ಮಾತೆತ್ತಿ ಅಲ್ಲಿಂದ ಬಂದುಬಿಟ್ಟೆ. ಕ್ಷಮೆ ಕೇಳಲಿಲ್ಲ. ಇಂದು ಕೇಳುತ್ತಿದ್ದೇನೆ.

ಮನುಷ್ಯನಿಗೆ ಸುಮಾರು ಹತ್ತರಿಂದ ಮೂವತ್ತರವರೆಗಿನ ಅನುಭವಗಳೇ ಇಳಿವಯಸ್ಸಿನಲ್ಲಿ ಹೆಚ್ಚಾಗಿ ನೆನಪಿಗೆ ಬರುತ್ತವೆಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಹಾಗಾದರೆ ನಾವು ಹಾಡನ್ನು ಹೊಗಳುವಾಗ ಬಹಳಮಟ್ಟಿಗೆ ನಮ್ಮ ಯೌವನವನ್ನೇ ಹೊಗಳಿಕೊಳ್ಳುತ್ತಿರುತ್ತೇವೆ. ಅದರಲ್ಲಿ ದೋಷವಿಲ್ಲ. ಅದನ್ನೇ ಅಳತೆಗೋಲು ಮಾಡಿ ಮಕ್ಕಳ ತಲೆಗೆ ಕುಟ್ಟುವುದು ದೋಷ.

ಹಾಗೆಂದು ಏನೂ ಕಳೆದುಹೋಗಿಲ್ಲವೆಂದು ನಾನು ಹೇಳಲಾರೆ. ಕಂಪನಿ ನಾಟಕಗಳ ಡೇರೆಯಲ್ಲಿ ರಂಗಗೀತೆಗೆ "ಒನ್ಸ್ ಮೋರ್" ಬಿದ್ದರೆ ಅದೇ ಹಾಡು ಮತ್ತೊಮ್ಮೆ ಬರುತ್ತಿತ್ತು. ರೈತನೂ, ಸಾಹುಕಾರನೂ, ಮಾಸ್ತರನೂ ಕೂಡಿ ಕೇಳುತ್ತಿದ್ದರು. ನಮ್ಮ ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರು 2020ರಲ್ಲಿ ತೀರಿಕೊಂಡಾಗ ನಾನು ಅತ್ತದ್ದು ಆ ಕಂಠಕ್ಕಾಗಿ ಮಾತ್ರವಲ್ಲ, ಆ ಕೂಡಿ ಕೇಳುವ ಸುಖಕ್ಕಾಗಿಯೂ. ಈಗ ಮನೆಯಲ್ಲಿ ಐವರಿದ್ದರೆ ಐದು ಮೊಬೈಲು, ಐದು ಹಾಡು. ಈ ನಷ್ಟಕ್ಕೆ ಮಕ್ಕಳೊಬ್ಬರೇ ಹೊಣೆಯೇ? ಅವರ ಹಾಡನ್ನು "ಇದೂ ಒಂದು ಹಾಡೇ?" ಎಂದು ಹಳಿದು, ಅವರ ಕಿವಿಗೆ ಇಯರ್‌ಫೋನು ಹಾಕಿಸಿದವರು ನಾವೇ ಅಲ್ಲವೇ?

ನನಗೀಗ ಶ್ರವಣಯಂತ್ರ ಬಂದಿದೆ. ಮೊದಲ ದಿನ ತಟ್ಟೆ ಲೋಟಗಳ ಸದ್ದಿಗೆ ಬೆಚ್ಚಿಬಿದ್ದೆ. ಮೊನ್ನೆ ಮೊಮ್ಮಗಳನ್ನು ಕರೆದು, "ನಿನ್ನ ಹಾಡು ನನಗೂ ಕೇಳಿಸವ್ವಾ" ಎಂದೆ. ಅವಳು ಅನುಮಾನದಿಂದಲೇ ಮೊಬೈಲನ್ನು ಮೇಜಿನ ಮೇಲಿಟ್ಟು ಹಚ್ಚಿದಳು. ಹಾಡು ನನಗೆ ಹಿಡಿಸಲಿಲ್ಲ, ಸುಳ್ಳೇಕೆ ಹೇಳಲಿ? ಆದರೆ ಕೊನೆಯವರೆಗೂ ಕೇಳಿದೆ, ಎರಡು ಸಾಲು ಅರ್ಥವಾಗದೆ ಅವಳನ್ನೇ ಕೇಳಿ ತಿಳಿದುಕೊಂಡೆ. ಆಮೇಲೆ ಅವಳಾಗಿಯೇ, "ಈಗ ನಿನ್ನದೊಂದು ಹಾಕು ತಾತಾ" ಎಂದಳು.

ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಅನೇಕರೀಗ ಐವತ್ತನ್ನು ದಾಟಿದ್ದೀರಿ. ನಿಮ್ಮ ಮನೆಯ ಮಕ್ಕಳು ಗುನುಗುತ್ತಿದ್ದರೆ ದಯವಿಟ್ಟು ತಡೆಯಬೇಡಿ. ಆ ನನ್ನ ಶಿಷ್ಯನನ್ನು ಬಲ್ಲವರು ಯಾರಾದರೂ ಇದ್ದರೆ, ಮುಂದಿನ ಜಾತ್ರೆಗೆ ಮೇಷ್ಟರು ಬರುತ್ತಾರೆ, ಅವನ ಹಾಡು ಕೇಳಬೇಕೆಂದಿದ್ದಾರೆ ಎಂದು ತಿಳಿಸಿ. ಯಾವ ಹಾಡಾದರೂ ಸರಿಯೇ.