ಬಿಚ್ಚುವುದು ತೊಳೆಯಲು, ಕಿತ್ತೆಸೆಯಲು ಅಲ್ಲ

ಕಳೆದ ರಜೆಯಲ್ಲಿ ಗ್ಯಾರೇಜೊಂದರಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೆ. ಒಂದು ದಿನ ಬಿಎಸ್–6 ಡೀಸೆಲ್ ಕಾರು ಬಂತು. ಇಷ್ಟು ಕಿಲೋಮೀಟರ್ ಆದ ಮೇಲೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ ಎಂದು ಡ್ಯಾಶ್‌ಬೋರ್ಡ್ ಎಚ್ಚರಿಸುತ್ತಿತ್ತು. ಕೆಟ್ಟಿದ್ದು ಆ್ಯಡ್‌ಬ್ಲೂ ಇಂಜೆಕ್ಟರ್. ‘ಹೊಸದಕ್ಕೆ ಸಾವಿರಾರು ರೂಪಾಯಿ ಆಗುತ್ತೆ ಸಾರ್. ಸಿಸ್ಟಮ್ಮೇ ತೆಗೆದು, ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡಿಬಿಡ್ತೀವಿ’ ಎಂದರು ಮೆಕ್ಯಾನಿಕ್. ಮಾಲೀಕರು ಒಪ್ಪಿದರು. ಪರೀಕ್ಷೆಯಲ್ಲಿ ಇದೇ ವಿಷಯಕ್ಕೆ ಪುಟಗಟ್ಟಲೆ ಬರೆದಿದ್ದ ನಾನು ಸುಮ್ಮನೆ ಸ್ಪ್ಯಾನರ್ ಕೊಟ್ಟೆ.

ಆ್ಯಡ್‌ಬ್ಲೂ ಎಂದರೆ ಶೇ 32.5ರಷ್ಟು ಯೂರಿಯಾ, ಉಳಿದದ್ದು ಶುದ್ಧ ನೀರು. ಇಂಜೆಕ್ಟರ್ ಇದನ್ನು ಬಿಸಿ ಹೊಗೆಗೆ ಸಿಂಪಡಿಸುತ್ತದೆ. ಯೂರಿಯಾದಿಂದ ಹುಟ್ಟುವ ಅಮೋನಿಯಾ, ಶ್ವಾಸಕೋಶಕ್ಕೆ ಕೆಡುಕಾದ ನೈಟ್ರೋಜನ್ ಆಕ್ಸೈಡ್‌ಗಳನ್ನು ನೈಟ್ರೋಜನ್ ಮತ್ತು ನೀರಾವಿಯಾಗಿ ಬದಲಿಸುತ್ತದೆ. ನೀರು ಆರಿದರೆ ಯೂರಿಯಾ ಬಿಳಿ ಹರಳಾಗಿ ಇಂಜೆಕ್ಟರ್‌ನ ಬಾಯಿ ಕಟ್ಟುತ್ತದೆ. ಎಷ್ಟೋ ಸಲ ಕಾಯಿಲೆ ಇಷ್ಟೇ.

ಇದಕ್ಕೆ ಮದ್ದೂ ಇದೆ ಎಂದು ತಿಳಿದದ್ದು ಕಾಲೇಜಿಗೆ ಮರಳಿ ಲ್ಯಾಬ್ ಇನ್‌ಸ್ಟ್ರಕ್ಟರ್ ಅವರನ್ನು ಕೇಳಿದಾಗ. ಇಗ್ನಿಷನ್ ಆಫ್ ಮಾಡಿ ಕೆಲವು ನಿಮಿಷ ಕಾಯಬೇಕು. ಪೈಪಿನಲ್ಲಿ ಉಳಿದ ದ್ರವವನ್ನು ಪಂಪ್ ಟ್ಯಾಂಕಿಗೆ ಎಳೆದುಕೊಳ್ಳುತ್ತದೆ. ಎಕ್ಸಾಸ್ಟ್ ಪೂರ್ತಿ ತಣ್ಣಗಾಗಬೇಕು. ಬಳಿಕ ವೈರಿನ ಕನೆಕ್ಟರ್, ಪೈಪಿನ ಲಾಕ್, ಕೊನೆಗೆ ಬೋಲ್ಟ್ ಬಿಚ್ಚಬೇಕು. ಹರಳಿಗೆ ಸೂಜಿ ಚುಚ್ಚಬಾರದು. ಬೆಚ್ಚಗಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ತಾನೇ ಕರಗುತ್ತದೆ. ಮರುಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಬೇಕು. ಇಷ್ಟಾದರೂ ಸಿಂಪಡಿಸದಿದ್ದರೆ ಆಗ ಹೊಸ ಇಂಜೆಕ್ಟರ್ ಮಾತು.

‘ಸಿಸ್ಟಂ ತೆಗೆಸಿದರೂ ಪಿಯುಸಿ ಸಿಗುತ್ತಲ್ಲ’ ಎನ್ನುವವರಿದ್ದಾರೆ. ನಿಜ. ಡೀಸೆಲ್ ವಾಹನದ ಪಿಯುಸಿ ತಪಾಸಣೆಯಲ್ಲಿ ಅಳೆಯುವುದು ಹೊಗೆಯ ಸಾಂದ್ರತೆಯನ್ನು, ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್‌ಗಳನ್ನಲ್ಲ. ತಪಾಸಣೆಯಲ್ಲಿ ಸಿಕ್ಕಿಬೀಳದಿದ್ದರೆ ತಪ್ಪು ಸರಿಯಾಗುತ್ತದೆಯೇ? 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಜಗತ್ತಿನೆದುರು ತಲೆತಗ್ಗಿಸಿದ್ದು ಇದೇ ಅನಿಲದ ಲೆಕ್ಕದಲ್ಲಿ ಸಾಫ್ಟ್‌ವೇರ್ ಮೋಸ ಮಾಡಿದ್ದಕ್ಕೆ. ತಯಾರಕರು ಕೊಟ್ಟ ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ನಮ್ಮ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ತಡೆಯುತ್ತದೆ.

ಬಿಎಸ್–6 ಬಂದದ್ದು 2020ರ ಏಪ್ರಿಲ್ 1ರಂದು. ಆ ಕಾರುಗಳಿಗೆ ಈಗ ವಯಸ್ಸಾಗುತ್ತಿದೆ, ವಾರಂಟಿ ಮುಗಿಯುತ್ತಿದೆ. ಐಟಿಐ, ಡಿಪ್ಲೊಮಾ, ಬಿಇ ಮುಗಿಸಿ ಕೆಲಸ ಹುಡುಕುವ ನಮ್ಮ ಮುಂದೆ ಇವು ಬಂದೇ ಬರುತ್ತವೆ. ಲ್ಯಾಬಿನ ಮೇಜಿನ ಮೇಲೆ ಹಳೆಯ ಎಂಜಿನ್ ಜೊತೆ ಒಂದು ಆ್ಯಡ್‌ಬ್ಲೂ ಇಂಜೆಕ್ಟರ್ ಕೂಡ ಇರಲಿ. ಪಿಯುಸಿ ತಪಾಸಣೆಯೂ ಅದನ್ನು ಗಮನಿಸುವಂತಾಗಲಿ. ಕಿತ್ತೆಸೆಯಲು ಯಾರಿಗಾದರೂ ಬರುತ್ತದೆ. ಸರಿಪಡಿಸಲು ಬಂದರೆ ತಾನೇ ಎಂಜಿನಿಯರ್?

ಇನ್ನೊಮ್ಮೆ ಅಂಥ ಕಾರು ಬಂದರೆ ಸ್ಪ್ಯಾನರ್ ಕೊಡುವ ಮುನ್ನ ನಾನು ಹೇಳುವ ಮಾತು ಒಂದೇ: ‘ಸಾರ್, ಮೊದಲು ತೊಳೆದು ನೋಡೋಣ.’